ಗೋಣಿತಾಟಿನ ನಾಲ್ಕನೆಯ ಮೂಲೆ

ಅವರ ಎರಡೂ ಮುಂಗೈಗಳ ತುಂಬ ಕಪ್ಪು ಚುಕ್ಕೆಗಳಿದ್ದವು. ಸಿಡುಬಿನ ಕಲೆಯಲ್ಲ, ವಯಸ್ಸಿಗೆ ಬರುವ ಮಚ್ಚೆಯೂ ಅಲ್ಲ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಸುಟ್ಟ ಗುರುತುಗಳು. ಎಡಗೆನ್ನೆಯ ಮೇಲೂ ಒಂದಿತ್ತು, ಕಣ್ಣಿನಿಂದ ಎರಡು ಬೆರಳು ಕೆಳಗೆ. ಏನಾದರೂ ಹೇಳುವ ಮುಂಚೆ ಅದನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುವುದು ಅವರ ಅಭ್ಯಾಸ. ಉಜ್ಜಿಕೊಳ್ಳುತ್ತಿದ್ದಾರೆಂದರೆ ಮಾತು ಬಾಯಿಯವರೆಗೆ ಬಂದಿದೆ, ಆದರೆ ಆಡಬೇಕೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿಲ್ಲ ಎಂದು ಅರ್ಥ. ನನ್ನಂಥ ಮುಂಗೋಪಿಗೆ ಆ ಹೆಬ್ಬೆರಳು ನಿಲ್ಲುವ ತನಕ ಕಾಯುವುದೇ ಒಂದು ಶಿಕ್ಷೆ.

ನಾವೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಶ್ರೀನಿವಾಸಪುರದ ಕಡೆ ಮೇಸ್ತ್ರಿ ಎಂದರೆ ಮನೆ ಕಟ್ಟುವವರೇ ಆಗಬೇಕಿಲ್ಲ. ಮಾವಿನಕಾಯಿ ಕೀಳುವ ಆಳುಗಳ ಗುಂಪಿಗೂ ಒಬ್ಬ ಮೇಸ್ತ್ರಿ ಇರುತ್ತಾರೆ. ಇವರ ಗುಂಪಿನಲ್ಲಿ ಹನ್ನೊಂದು ಜನ, ಗಂಡಸರೂ ಹೆಂಗಸರೂ ಸೇರಿ. ಬೇನಿಶಾ ಮಾವಿನಿಂದ ಹಿಡಿದು ಕೊನೆಗೆ ಬಲಿಯುವ ನೀಲಂವರೆಗೆ ತೋಟದಿಂದ ತೋಟಕ್ಕೆ ಹೋಗಿ ಕಾಯಿ ಇಳಿಸುವುದು ಅವರ ಕೆಲಸ. ಮಿಕ್ಕ ತಿಂಗಳುಗಳಲ್ಲಿ ಮೇಸ್ತ್ರಿ ತಮ್ಮ ಅರ್ಧ ಎಕರೆಯನ್ನೂ ಎರಡು ಹಸುವನ್ನೂ ನೋಡಿಕೊಂಡು ಇರುತ್ತಿದ್ದರು.

ನಾನು ಸುಗಟೂರಿನವಳು, ಇಂಜಿನಿಯರು. ಕೋಲಾರದಲ್ಲಿ, ಹಿಂದೆ ರೇಷ್ಮೆನೂಲು ತೆಗೆಯುತ್ತಿದ್ದ ಹಳೆಯ ಶೆಡ್ಡೊಂದರಲ್ಲಿ ಕಂಪನಿ ಶುರುಮಾಡಿದೆ. ನಾವು ಮಾಡುವುದು ಮೊಬೈಲ್ ಸ್ಟಾರ್ಟರ್: ರೈತ ಹೊಲಕ್ಕೆ ಹೋಗದೆ ಫೋನಿನಿಂದಲೇ ಬೋರ್‌ವೆಲ್ಲಿನ ಮೋಟಾರನ್ನು ಹಾಕಲು, ಆರಿಸಲು ಬರುವಂಥ ಒಂದು ಪೆಟ್ಟಿಗೆ. ಒಳಗಿನ ಪ್ರೋಗ್ರಾಂ ನಾನು ಬರೆದದ್ದು. ಆ ಹೆಮ್ಮೆ ನನಗೆ ಎಷ್ಟಿತ್ತೆಂದರೆ, ಪೆಟ್ಟಿಗೆಗೆ ತಿರುಪು ಹಾಕುವುದನ್ನೂ ನಾನೇ ನೋಡಬೇಕು ಅನ್ನುವಷ್ಟು.

ಮೇಸ್ತ್ರಿ ಮೊದಲ ಸಲ ಆ ಶೆಡ್ಡಿಗೆ ಬಂದದ್ದು ಮಾವಿನಕಾಯಿ ತುಂಬುವ ಬಿದಿರುಬುಟ್ಟಿಯನ್ನು ಹೊತ್ತುಕೊಂಡು. ಬುಟ್ಟಿಯಲ್ಲಿ ಹುಲ್ಲು ಹಾಸಿ, ನಮ್ಮದೇ ಸ್ಟಾರ್ಟರ್ ಒಂದನ್ನು ಮಲಗಿಸಿಕೊಂಡು ಶ್ರೀನಿವಾಸಪುರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಕೆಟ್ಟುಹೋದ ಪೆಟ್ಟಿಗೆಯನ್ನು ಅಷ್ಟು ಜೋಪಾನವಾಗಿ ತಂದವರನ್ನು ನಾನು ಆಮೇಲೂ ಕಂಡಿಲ್ಲ. ಅವರು ಕಾಯಿ ಕೀಳುವ ತೋಟದ ಯಜಮಾನರು ಕೊಂಡಿದ್ದ ಸ್ಟಾರ್ಟರ್ ಅದು. ಮಧ್ಯಾಹ್ನದ ಹೊತ್ತು ಮೋಟಾರು ಹತ್ತಿಕೊಳ್ಳುತ್ತಿರಲಿಲ್ಲವಂತೆ.

"ಇದನ್ನ ಮಾಡಿದ್ದು ಯಾರು?" ಎಂದು ಕೇಳಿದರು.

"ನಮ್ಮ ಕಂಪನಿನೇ," ಎಂದೆ.

"ಕಂಪನೀಗೆ ಕೈ ಇರಲ್ವಲ್ಲ ಅಮ್ಮಣ್ಣಿ. ಯಾರ್ ಕೈ ಅಂತ ಕೇಳಿದ್ದು."

ನಾನು ಮಂಜುಳಳನ್ನು ಕರೆದೆ. ಬೆಸುಗೆ ಹಾಕುವ ಕೆಲಸಕ್ಕೆ ನಾನು ಮೊದಲು ಸೇರಿಸಿಕೊಂಡವಳು ಅವಳೇ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಮಾತು ಕಮ್ಮಿ, ಕೈ ಬಹಳ ಚೊಕ್ಕ. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಂದು ತಂತಿಯ ಬೆಸುಗೆ ಬಿಟ್ಟುಕೊಂಡಿತ್ತು. ಹೊರಗಿನವರ ಎದುರಿಗೆ ನನ್ನ ಮರ್ಯಾದೆ ಹೋಯಿತು ಅನ್ನಿಸಿ, "ಇಷ್ಟು ದಿನ ಆಯ್ತು, ಒಂದು ಬೆಸುಗೆ ನೆಟ್ಟಗೆ ಹಾಕಕ್ಕೆ ಬರಲ್ವಾ?" ಎಂದು ಅವಳ ಮೇಲೆ ಕೂಗಾಡಿದೆ. ಅವಳು ತಲೆತಗ್ಗಿಸಿ ನಿಂತಳು.

ಮೇಸ್ತ್ರಿಯ ಹೆಬ್ಬೆರಳು ಕೆನ್ನೆಗೆ ಹೋಯಿತು. ಸ್ವಲ್ಪ ಹೊತ್ತು ಉಜ್ಜಿಕೊಂಡು ಹೇಳಿದರು. "ನಾನು ಕೈ ತೋರ್ಸು ಅಂದೆ. ತಲೆ ತೆಗಿ ಅನ್ಲಿಲ್ಲ."

ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಸ್ಟೂಲು ಎಳೆದುಕೊಂಡು ಮಂಜುಳಳ ಪಕ್ಕ ಕೂತರು. ಪೆಟ್ಟಿಗೆಯನ್ನು ಪಂಪ್‌ಮನೆಯ ಪಡುವಣ ಗೋಡೆಗೆ ಹೊಡೆದಿದ್ದಾರೆ, ಮಧ್ಯಾಹ್ನದ ಮೇಲಿನ ಬಿಸಿಲೆಲ್ಲ ಅದಕ್ಕೇ ಬಡಿಯುತ್ತದೆ, ಮುಟ್ಟಿದರೆ ಕೈ ಚುರ್ ಅನ್ನುತ್ತದೆ ಎಂದೆಲ್ಲ ಅವಳಿಗೆ ವಿವರಿಸಿದರು. "ಮಾಡಿದ್ ಕೈಗೆ ಗೊತ್ತಾಗ್ಬೇಕು ಕಣಮ್ಮ, ಅದಕ್ಕೇ ಬಸ್ ಹತ್ತಿ ಬಂದೆ. ಯಜಮಾನ್ರು ಅಂಗಡೀಗೇ ಕೊಟ್ಬಿಡು ಅಂದ್ರು. ಅಂಗಡಿಯೋನ್ಗೆ ಹೇಳಿ ಏನ್ ಉಪಯೋಗ?" ಮಂಜುಳ ಅವತ್ತು ಆ ತಂತಿಗೆ ಬೇರೆ ರೀತಿ ಬೆಸುಗೆ ಹಾಕಿದಳು. ಇವತ್ತಿಗೂ ನಮ್ಮಲ್ಲಿ ಅದೇ ರೀತಿ ನಡೆಯುತ್ತಿದೆ. ನನಗೆ ಮಾತ್ರ ಮೂರು ದಿನ ಮುಖ ಕಪ್ಪಗಿತ್ತು, ಈ ಮನುಷ್ಯ ಯಾರು ನನಗೆ ಹೇಳುವುದಕ್ಕೆ ಎಂದು.

ಹೀಗೆ ಪರಿಚಯವಾದವರು ಕೋಲಾರಕ್ಕೆ ಬಂದಾಗಲೆಲ್ಲ ಶೆಡ್ಡಿಗೂ ಬಂದು ಹೋಗತೊಡಗಿದರು. ಬಂದರೆ ನನ್ನ ಕೋಣೆಗಲ್ಲ, ಬೆಸುಗೆಯ ಮೇಜಿನ ಹತ್ತಿರಕ್ಕೆ. ಚಹಾ ಕೊಟ್ಟರೆ ಲೋಟದ ಅಂಚನ್ನು ಹೆಗಲ ಟವೆಲಿನಿಂದ ಒರೆಸಿಕೊಂಡು ಕುಡಿಯುತ್ತಿದ್ದರು. ಇನ್ನೊಂದು ಲೋಟ ಎಂದರೆ, "ಚಾಲಮ್ಮಾ, ಚಾಲು," ಎಂದು ಕೈಯೆತ್ತಿಬಿಡುವರು. ಸಾಕು ಎನ್ನುವುದನ್ನು ಅವರು ತೆಲುಗಿನಲ್ಲೇ ಹೇಳುತ್ತಿದ್ದರು. ಬೇಕು ಎನ್ನುವುದನ್ನು ಯಾವ ಭಾಷೆಯಲ್ಲಿ ಹೇಳುತ್ತಿದ್ದರೋ, ನಾನು ಕೇಳಿಲ್ಲ.

ಅಷ್ಟರಲ್ಲಿ ಕಂಪನಿ ಬೆಳೆಯಿತು. ಆರು ಜನ ಇದ್ದವರು ಇಪ್ಪತ್ತಾದೆವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ಕಡೆಯೂ ಪೆಟ್ಟಿಗೆ ಕೂರಿಸಿ ರಿಪೇರಿ ಮಾಡುವ ಗುಂಪುಗಳಾದವು. ನಾಲ್ಕು ಗುಂಪಿಗೂ ತಲೆ ಒಂದೇ, ನನ್ನದು. ಮಾಸ್ತಿಯ ಹತ್ತಿರ ಯಾವುದೋ ತೋಟದಲ್ಲಿ ಫ್ಯೂಸು ಹೋದರೆ, ಅದನ್ನು ಹಾಕುವ ಮುಂಚೆ ನನಗೆ ಫೋನು ಬರಬೇಕು. ಚಿಕ್ಕಪ್ಪನ ಮಗಳ ಧಾರೆಯ ಹೊತ್ತಿಗೆ ಅಕ್ಷತೆ ಎಡಗೈಯಲ್ಲಿ, ಫೋನು ಬಲಗೈಯಲ್ಲಿ, "ಹಳದಿ ಅಲ್ಲ ಕಣೋ, ನೀಲಿ ತಂತಿ, ನೀಲಿ!" ಎಂದು ನಾನು ಕೂಗಿದ್ದು ಗಟ್ಟಿಮೇಳದ ನಡುವೆಯೂ ಕೇಳಿಸಿತಂತೆ. ಮದುವೆಯ ವೀಡಿಯೋದಲ್ಲಿ ಅದು ಈಗಲೂ ಇದೆ. ನಾನು ಒಪ್ಪಿಗೆ ಕೊಡುವ ತನಕ ಹುಡುಗರು ಕಂಬದ ಕೆಳಗೆ ನಿಂತಿರುತ್ತಿದ್ದರು, ರೈತ ಅವರ ಮುಖ ನೋಡುತ್ತ ನಿಂತಿರುತ್ತಿದ್ದ, ಪೈರು ಬಾಡುತ್ತಿತ್ತು. ಕೆಲಸ ಚೆನ್ನಾಗಿ ಬರುವವರೇ ಒಬ್ಬೊಬ್ಬರಾಗಿ ಬಿಟ್ಟುಹೋದರು. ಹೋಗುವಾಗ ಯಾರೂ ಜಗಳವಾಡಲಿಲ್ಲ. ಅದು ಇನ್ನೂ ಕೆಟ್ಟದ್ದು.

ಆಗ ಯಾರೋ ಹೇಳಿದರೆಂದು ಬೆಂಗಳೂರಿಗೆ ಹೋಗಿ ಎರಡು ದಿನದ ತರಬೇತಿಯಲ್ಲಿ ಕೂತೆ. ತಂಡವನ್ನು ನಡೆಸುವುದು ಹೇಗೆ ಎಂಬುದರ ಒಂದು ಮಾದರಿ ಕಲಿಸಿದರು. ದೊಡ್ಡ ಚಾರ್ಟಿನಲ್ಲಿ ಚೌಕಗಳು, ಬಾಣಗಳು. ತಂಡದ ಮುಂದಾಳು ತನ್ನನ್ನು ತಾನು ಮೂರು ಪ್ರಶ್ನೆ ಕೇಳಿಕೊಳ್ಳಬೇಕಂತೆ. ಸುಮ್ಮನೆ ನೋಡುತ್ತಿರಬೇಕೋ, ಕೈಹಾಕಬೇಕೋ? ತೊಡಕಿರುವುದು ಕೆಲಸದಲ್ಲೋ, ಜನರ ನಡುವೆಯೋ? ಈಗ ನನ್ನ ಅಗತ್ಯ ಇರುವುದು ತಂಡದ ಒಳಗೋ, ಹೊರಗೋ? ನನಗೆ ಜ್ಞಾನೋದಯವೇ ಆದಂತಾಯಿತು. ಆ ಚಾರ್ಟನ್ನು ಚೌಕಟ್ಟು ಹಾಕಿಸಿ ನನ್ನ ಕೋಣೆಯಲ್ಲಿ ತೂಗುಹಾಕಿದೆ. ನಾಲ್ಕು ಗುಂಪುಗಳನ್ನೂ ಕರೆದು ಒಂದು ಗಂಟೆ ಭಾಷಣ ಮಾಡಿದೆ. ಮಾರನೆಯ ದಿನ ಮತ್ತೆ ನೀಲಿ ತಂತಿ, ಹಳದಿ ತಂತಿ.

ಮೇಸ್ತ್ರಿ ಬಂದಾಗ ಅದೇನೆಂದು ಕೇಳಿದರು. ಹೇಳಿದೆ. ಅವರು ಎದ್ದು ಹತ್ತಿರ ಹೋಗಿ, ಒಂದೊಂದು ಬಾಣದ ಮೇಲೂ ಬೆರಳಿಟ್ಟು, ಇದು ಯಾವುದು, ಅದು ಯಾವುದು ಎಂದು ವಿಚಾರಿಸಿದರು. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

"ಮೂರೂ ಸರಿಯಾಗೈತೆ. ನಾವು ಮರದ್ ಕೆಳಗೆ ನಿಂತು ಇದನ್ನೇ ಕೇಳ್ಕೊಳ್ಳೋದು." ಕೆನ್ನೆ ಉಜ್ಜಿಕೊಂಡರು. ಬಹಳ ಹೊತ್ತಾಯಿತು. "ಆದ್ರೆ ಅಮ್ಮಣ್ಣಿ, ಇದನ್ನ ನಿನ್ ಕುರ್ಚಿ ಹಿಂದಕ್ಕೆ ಯಾಕ್ ಹಾಕಿದೀಯ? ಬಂದೋರೆಲ್ಲ ಓದ್ತಾರೆ, ನೀನೊಬ್ಳನ್ನ ಬಿಟ್ಟು."

ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ನಗುವಿನ ಭರದಲ್ಲೇ, ಮಾವಿನ ಕೆಲಸ ಇಲ್ಲದ ತಿಂಗಳುಗಳಲ್ಲಿ ನಮ್ಮ ಮುಳಬಾಗಿಲಿನ ಗುಂಪನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿಬಿಟ್ಟೆ. ಅಲ್ಲಿ ಶ್ರೀಧರ ಎನ್ನುವವನು ಇನ್ನಿಬ್ಬರನ್ನು ಕಟ್ಟಿಕೊಂಡು ಒದ್ದಾಡುತ್ತಿದ್ದ. ಮೇಸ್ತ್ರಿ ಒಪ್ಪಿದರು, ಬೇನಿಶಾ ಬಲಿತ ದಿನ ಹೊರಟುಬಿಡುತ್ತೇನೆ ಎಂಬ ಷರತ್ತಿನ ಮೇಲೆ.

ಕರೆಂಟಿನ ಕೆಲಸ ಅವರಿಗೆ ಬರುತ್ತಿರಲಿಲ್ಲ. ಬರುತ್ತದೆಂದು ನಟಿಸಲೂ ಇಲ್ಲ. ಅವರು ತಂದದ್ದು ಮಾವಿನ ತೋಪಿನ ಎರಡು ಪದ್ಧತಿಗಳನ್ನು. ಒಂದು: ಮರದ ಮೇಲಿರುವವನೇ ಆ ಮರದ ಯಜಮಾನ. ಕಾಯಿ ಕೀಳುವಾಗ ಕೆಳಗೆ ನಾಲ್ಕು ಜನ ಗೋಣಿತಾಟಿನ ನಾಲ್ಕು ಮೂಲೆ ಹಿಡಿದು ನಿಲ್ಲುತ್ತಾರೆ, ಮೇಲಿನಿಂದ ಬಿಟ್ಟ ಕಾಯಿ ಅದರೊಳಕ್ಕೆ ಬೀಳಬೇಕು. ಆ ನಾಲ್ವರಲ್ಲಿ ಒಬ್ಬರು ಯಾವಾಗಲೂ ಮೇಸ್ತ್ರಿ. ಮೇಲಿರುವವನು ಎಡಕ್ಕೆ ಎಂದರೆ ಮೇಸ್ತ್ರಿಯೂ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. "ಮೇಲಿರೋನ್ಗೆ ಕಾಯಿ ಕಾಣ್ತದೆ. ಕೆಳಗಿರೋ ನಂಗೆ ಬರೀ ಎಲೆ ಕಾಣ್ತದೆ. ನಾನ್ ಹೆಂಗ್ ಹೇಳ್ಲಿ?" ಎನ್ನುವರು. ಮುಳಬಾಗಿಲಿನಲ್ಲೂ ಹಾಗೇ ಮಾಡಿದರು. ಪೆಟ್ಟಿಗೆಯ ಮುಚ್ಚಳ ಯಾರು ತೆಗೆಯುತ್ತಾರೋ ಆ ಹೊತ್ತಿಗೆ ಅವರೇ ಯಜಮಾನರು. ಉಳಿದವರು, ಮೇಸ್ತ್ರಿಯೂ ಸೇರಿ, ಕೇಳಿದ ಸಾಮಾನು ಕೈಗೆ ಕೊಡಬೇಕು.

ಎರಡನೆಯದು ಸೊನೆ. ಕಿತ್ತ ಕಾಯನ್ನು ತಕ್ಷಣ ಬುಟ್ಟಿಗೆ ತುಂಬುವುದಿಲ್ಲ. ತೊಟ್ಟು ಕೆಳಗಾಗಿ ನೆಲದ ಮೇಲೆ ಇಟ್ಟು ಸೊನೆ ಬಸಿಯಲು ಬಿಡುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮುಂದಿನ ಮರಕ್ಕೆ ಹೋಗುವಂತಿಲ್ಲ. ಅವಸರ ಮಾಡಿ ತುಂಬಿದರೆ ಅವತ್ತು ಏನೂ ಕಾಣುವುದಿಲ್ಲ, ಮೂರನೆಯ ದಿನ ಮಾವಿನ ಮಂಡಿಯಲ್ಲಿ ಸಿಪ್ಪೆಯ ಮೇಲೆ ಕಪ್ಪು ಮೂಡುತ್ತದೆ. ನಮ್ಮವರೂ ಪೆಟ್ಟಿಗೆ ಕೂರಿಸಿದ ತಕ್ಷಣ ಬೈಕು ಹತ್ತಬಾರದು ಎಂದು ಮೇಸ್ತ್ರಿ ಕಟ್ಟುಮಾಡಿದರು. ಅಲ್ಲೇ ಕೂತು, ಮೋಟಾರು ಮೂರು ಸಲ ಹತ್ತಿ ಮೂರು ಸಲ ಆರುವುದನ್ನು ನೋಡಿ ಹೊರಡಬೇಕು. ಹುಡುಗರು ಅದಕ್ಕೆ 'ಸೊನೆ ಹೊತ್ತು' ಎಂದು ಹೆಸರಿಟ್ಟರು. ಆ ಚಳಿಗಾಲದಲ್ಲಿ ಮುಳಬಾಗಿಲಿನಿಂದ ನನಗೆ ಬರುತ್ತಿದ್ದ ಫೋನು ಎಷ್ಟು ಕಮ್ಮಿಯಾಯಿತೆಂದರೆ, ನಾನೇ ಗಾಬರಿಯಾಗಿ ಫೋನು ಮಾಡುತ್ತಿದ್ದೆ.

ಬೇನಿಶಾ ಬಲಿಯಿತು, ಮೇಸ್ತ್ರಿ ಹೊರಟರು. ನನ್ನ ಹಳೆಯ ಬುದ್ಧಿ ಅವರು ಹೊರಡುವುದನ್ನೇ ಕಾಯುತ್ತಿತ್ತೇನೋ.

ಬೇಸಿಗೆಯಲ್ಲಿ ಎಲ್ಲರಿಗೂ ಒಟ್ಟಿಗೇ ಸ್ಟಾರ್ಟರ್ ಬೇಕು. ಆ ವರ್ಷ, ಪೆಟ್ಟಿಗೆಯೊಳಗೆ ಮೋಟಾರನ್ನು ಹಾಕಿ ಆರಿಸುವ ರಿಲೇ ಎಂಬ ಭಾಗ ಸಿಗದೆಹೋಯಿತು. ಅದರ ಬದಲಿಗೆ ಬೇರೆ ಬಗೆಯ ರಿಲೇ ಒಂದನ್ನು ನಾನು ಗೊತ್ತುಮಾಡಿದೆ. ಮಂಜುಳ ಒಂದೇ ಮಾತು ಹೇಳಿದಳು. "ಮೇಡಂ, ಒಂದ್ ವಾರ ಬಿಸ್ಲಲ್ಲಿ ಇಟ್ಟು ನೋಡೋಣ." ನನಗೆ ವಾರವೆಲ್ಲಿ? "ಒಂದ್ ವಾರ ಅಂದ್ರೆ ಸೀಸನ್ನೇ ಮುಗ್ದೋಗುತ್ತೆ. ನಾನು ಲೆಕ್ಕ ಹಾಕಿದೀನಿ, ನಡಿ," ಎಂದೆ. ಅರವತ್ತು ಪೆಟ್ಟಿಗೆ ಮುಳಬಾಗಿಲಿಗೆ ಹೋದವು. ಬೇಗ ಕೂರಿಸಿ, ಕಾಯುವುದು ಬೇಡ ಎಂದು ಶ್ರೀಧರನಿಗೂ ಹೇಳಿದೆ. ಸೊನೆ ಹೊತ್ತನ್ನು ನಿಲ್ಲಿಸಿದವಳು ನಾನೇ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಬಿಸಿಲು ಏರಿತು. ಕಾವಿಗೆ ರಿಲೇ ಅಂಟಿಕೊಳ್ಳತೊಡಗಿತು. ರೈತ ಫೋನಿನಲ್ಲಿ ಆರಿಸಿದರೂ ಮೋಟಾರು ಆರುವುದಿಲ್ಲ, ಬಾವಿಯಲ್ಲಿ ನೀರು ಮುಗಿದರೂ ಓಡುತ್ತಲೇ ಇರುತ್ತದೆ. ಮೂರು ಮೋಟಾರು ಸುಟ್ಟುಹೋದವು. ಮುಳಬಾಗಿಲಿನಲ್ಲಿ ನಮ್ಮ ಪೆಟ್ಟಿಗೆ ಮಾರುವ ಅಂಗಡಿಯವರು ಫೋನು ಮಾಡಿ, "ನಾಳೆ ಬೆಳಿಗ್ಗೆ ಎಲ್ರೂ ಬರ್ತಾವ್ರೆ ಮೇಡಂ. ಯಾರಾದ್ರೂ ಬಂದು ಮಾತಾಡ್ಲಿಲ್ಲ ಅಂದ್ರೆ ಅಷ್ಟೂ ಪೆಟ್ಟಿಗೆ ವಾಪಸ್ಸು," ಎಂದರು. ಮುಳಬಾಗಿಲು ಕೈಬಿಟ್ಟರೆ ಉಳಿದ ಮೂರು ಊರಿಗೆ ಸುದ್ದಿ ಮುಟ್ಟಲು ಒಂದು ಸಂತೆ ಸಾಕು. ಕಂಪನಿ ಮುಚ್ಚಬೇಕಾಗುತ್ತದೆ, ಇಪ್ಪತ್ತು ಜನ ಮನೆಗೆ ಹೋಗುತ್ತಾರೆ ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವತ್ತೇ ಮಂಜುಳ ಕೆಲಸ ಬಿಡುವ ಕಾಗದ ತಂದು ಮೇಜಿನ ಮೇಲಿಟ್ಟಳು. "ಇದು ಮುಗಿಯೋತನ್ಕ ಇರ್ತೀನಿ," ಎಂದಷ್ಟೇ ಅಂದಳು.

ನಾನು ಕಾರು ತೆಗೆದುಕೊಂಡು ಸೀದಾ ಮೇಸ್ತ್ರಿಯ ತೋಪಿಗೆ ಹೋದೆ. ರೈತರಿಗೆ ಅವರೆಂದರೆ ಮರ್ಯಾದೆ. ಅವರನ್ನು ಮುಳಬಾಗಿಲಿಗೆ ಕಳಿಸಿ, ನಾನು ಕೋಲಾರದಲ್ಲಿ ಕೂತು ಪೆಟ್ಟಿಗೆಗಳನ್ನು ನನ್ನ ಕೈಯಾರೆ ಸರಿಮಾಡುತ್ತೇನೆ ಎಂಬುದು ನನ್ನ ಯೋಜನೆ.

ಹೋದಾಗ ಅಲ್ಲಿ ಬೇರೆಯೇ ರಾಮಾಯಣ ನಡೆಯುತ್ತಿತ್ತು. ಮಂಡಿಯ ಏಜೆಂಟು ಒಬ್ಬ ಕೈಯಲ್ಲಿ ನಾಲ್ಕು ಕಾಯಿ ಹಿಡಿದುಕೊಂಡು ಮೇಸ್ತ್ರಿಯ ಮೇಲೆ ಹಾರಾಡುತ್ತಿದ್ದ. ಮೊನ್ನೆ ಹೋದ ಲೋಡಿನಲ್ಲಿ ಸೊನೆಯ ಕಪ್ಪು ಮೂಡಿತ್ತು. "ಯಾವೋನ್ ಕಿತ್ತಿದ್ದು ಇದನ್ನ? ಕರೀರಿ ಅವ್ನ!"

"ನಾನೇ ಕಿತ್ತಿದ್ದು," ಎಂದರು ಮೇಸ್ತ್ರಿ.

ಅವರು ಮರ ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಅದು ಏಜೆಂಟಿಗೂ ಗೊತ್ತು. ಅವನು ಇನ್ನಷ್ಟು ಕೂಗಿ, ಕಾಯಿಗಳನ್ನು ನೆಲದ ಮೇಲಿಟ್ಟು, ಸ್ಕೂಟರು ಹತ್ತಿ ಹೋದ. ಅವನು ಹೋದಮೇಲಾದರೂ ಮೇಸ್ತ್ರಿ ಯಾರನ್ನಾದರೂ ಬಯ್ಯುತ್ತಾರೆಂದು ನಾನು ಕಾದೆ. ಅವರು ಆ ನಾಲ್ಕು ಕಾಯನ್ನು ಎಲ್ಲರಿಗೂ ಕಾಣುವಂತೆ ತಾಟಿನ ಮೇಲೆ ಸಾಲಾಗಿ ಇಟ್ಟರು, ಅಷ್ಟೆ. ಸ್ವಲ್ಪ ಹೊತ್ತಿಗೆ ಮರ ಹತ್ತುವವರಲ್ಲೇ ಹಿರಿಯವನು ಮುಂದೆ ಬಂದ. "ಮೇಸ್ತ್ರಿ, ಮೊನ್ನೆ ಮೋಡ ಆಯ್ತಲ್ಲ, ನಾನೇ ಅವಸರ ಮಾಡಿದ್ದು. ಇವತ್ತು ನಾನ್ ಕೆಳಗಿರ್ತೀನಿ, ಮೂಲೆ ಹಿಡಿಯೋ ಹುಡುಗ ಹತ್ಲಿ." ಮೇಸ್ತ್ರಿ, "ಸರಿ, ಮೂಲೆ ಹಿಡ್ಕೊ," ಎಂದರು. ಕೆಲಸ ಮುಂದುವರಿಯಿತು.

ನನ್ನ ಕಥೆಯನ್ನೆಲ್ಲ ತಾಟಿನ ಮೂಲೆ ಹಿಡಿದುಕೊಂಡೇ ಕೇಳಿದರು. ಎರಡೂ ಕೈ ಕೆಲಸದಲ್ಲಿದ್ದದ್ದರಿಂದ ಕೆನ್ನೆ ಉಜ್ಜಿಕೊಳ್ಳಲಿಲ್ಲ. ಅದಕ್ಕೋ ಏನೋ, ಉತ್ತರ ಬೇಗ ಬಂತು.

"ನಾನ್ ಬರಲ್ಲ."

"ಮೇಸ್ತ್ರಿ, ನೀವು ಹೋದ್ರೆ ಅವ್ರು ಕೇಳ್ತಾರೆ. ನಾನು ಹೋದ್ರೆ ಕಲ್ಲು ಹೊಡೀತಾರೆ."

"ಹೊಡೀಲಿ. ಕಲ್ಲು ಯಾರಿಗ್ ಬೀಳ್ಬೇಕೋ ಅವ್ರಿಗ್ ಬೀಳ್ಲಿ." ಮೇಲಿನಿಂದ ಒಂದು ಕಾಯಿ ತಾಟಿಗೆ ಬಿತ್ತು, ಮೂಲೆಯನ್ನು ತಗ್ಗಿಸಿ ಅದರ ಭಾರ ತಡೆದುಕೊಂಡರು. "ಅಮ್ಮಣ್ಣಿ, ನಿನ್ ಚೀಟೀಲಿ ಒಳಗೆ ಹೊರಗೆ ಅಂತ ಇತ್ತಲ್ಲ? ನೀನು ಯಾವಾಗ್ಲೂ ತಿರುಗಾ ಮುರುಗಾ ಮಾಡ್ತೀಯ. ಒಳಗಡೆ ಕೈ ಹಾಕ್ತೀಯ, ಹೊರಗಡೆ ಬೇರೆಯೋರ್ನ ನಿಲ್ಲಿಸ್ತೀಯ. ರಿಪೇರಿ ಆ ಮಂಜುಳಂಗೆ ಬಿಡು. ಬೈಸ್ಕೊಳ್ಳೋದು ನಿನ್ ಕೆಲ್ಸ. ಹೋಗು."

"ಅವ್ಳು ತಪ್ಪು ಮಾಡಿದ್ರೆ?"

"ನೀನ್ ಮಾಡ್ಲಿಲ್ವಾ?"

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನನಗೆ ಅಳು. ಸಿಟ್ಟಿನ ಅಳು. ಕೋಲಾರ ತಲುಪಿ ಮಂಜುಳಳಿಗೆ, "ರಿಪೇರಿ ಹೆಂಗ್ ಮಾಡ್ಬೇಕು ಅಂತ ನೀನೇ ತೀರ್ಮಾನ ಮಾಡು. ನಾನು ಕೇಳಲ್ಲ," ಎಂದೆ. ಅವಳು ನನ್ನ ಮುಖವನ್ನು ನೋಡಿದ ರೀತಿಗೆ, ನನಗೆ ಜ್ವರ ಬಂದಿದೆ ಎಂದುಕೊಂಡಳೇನೋ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಮುಳಬಾಗಿಲಿನ ಅಂಗಡಿಯ ಮುಂದೆ ಮೂವತ್ತು ಜನರಿಗೆ ಕಮ್ಮಿಯಿರಲಿಲ್ಲ. ಶ್ರೀಧರ ಮೂಲೆಯಲ್ಲಿ ಬೆವರುತ್ತ ನಿಂತಿದ್ದ. ನಾನು ಅವನನ್ನು ಹಿಂದಕ್ಕೆ ಕಳಿಸಿ ಮೆಟ್ಟಿಲ ಮೇಲೆ ನಿಂತೆ. ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಆ ಭಾಗ ಬದಲಾಯಿಸಿದ್ದು ನಾನು. ನಮ್ಮ ಹುಡುಗಿ ಬೇಡ ಅಂದ್ಲು, ನಾನು ಕೇಳ್ಲಿಲ್ಲ. ಬೇಗ ಕೂರಿಸಿ ಅಂತ ಇವ್ರಿಗೆ ಹೇಳಿದ್ದೂ ನಾನೇ. ಸುಟ್ಟಿರೋ ಮೋಟಾರಿಗೆ ನಮ್ಮ ಖರ್ಚಲ್ಲೇ ಹೊಸ ಕಾಯಿಲ್ ಕಟ್ಟಿಸ್ಕೊಡ್ತೀವಿ," ಎಂದೆ.

ಅರ್ಧ ಗಂಟೆ ಬಯ್ದರು. ಕನ್ನಡದಲ್ಲಿ ಬಯ್ದು ಸಾಲದೆ ತೆಲುಗಿನಲ್ಲೂ ಬಯ್ದರು. ಮೋಟಾರು ಸುಟ್ಟುಕೊಂಡ ಒಬ್ಬರು ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟು, ಒಂದು ಮಾತೂ ಆಡದೆ ಹೊರಟುಹೋದರು. ಅವರು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಟೊಮೆಟೊ ಬೆಳೆಯುವ ಮುದುಕರೊಬ್ಬರು ಮಾತ್ರ ಸುಸ್ತಾಗಿ ಕಲ್ಲಿನ ಮೇಲೆ ಕೂತು, "ಏನ್ ಇಂಜಿನಿಯರಮ್ಮ, ಎಲ್ಲಾ ನಂದೇ ನಂದೇ ಅಂತ ಒಪ್ಕೊಂಬುಟ್ರೆ ನಾವ್ ಎಷ್ಟೊತ್ತು ಅಂತ ಬಯ್ಯೋದು?" ಎಂದರು. ಯಾರೋ ನಕ್ಕರು.

ಅಷ್ಟೂ ಹೊತ್ತು ನನ್ನ ಕೈ ಫೋನಿನ ಮೇಲೇ ಇತ್ತು. ಮಂಜುಳ ಏನು ಮಾಡುತ್ತಿದ್ದಾಳೆ? ನಾನಾಗಿದ್ದರೆ ಎಲ್ಲ ಪೆಟ್ಟಿಗೆಗಳನ್ನೂ ಕೋಲಾರಕ್ಕೆ ತರಿಸುತ್ತಿದ್ದೆ. ಅದೊಂದನ್ನಾದರೂ ಹೇಳಿಬಿಡಲೇ? ಮೂರು ಸಲ ಅವಳ ನಂಬರು ತೆಗೆದು ಮೂರು ಸಲವೂ ಮುಚ್ಚಿದೆ. ಕಲ್ಲು ಹೊಡೆಸಿಕೊಳ್ಳುವುದೇ ಇದಕ್ಕಿಂತ ಸುಲಭವಾಗಿತ್ತು.

ಹನ್ನೊಂದರ ಸುಮಾರಿಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಲ್ಲಿ ನಮ್ಮ ಬೆಸುಗೆಯ ಮೇಜು, ಅದರ ಪಕ್ಕ ಮಂಜುಳ, ಜೊತೆಗೆ ಇನ್ನು ಮೂವರು ಹೆಂಗಸರು. ಅಂಗಡಿಯ ಪಕ್ಕದ ಹುಣಸೆಮರದ ನೆರಳಿನಲ್ಲಿ ಮೇಜು ಇಳಿಸಿ, ಅಂಗಡಿಯಿಂದ ಕರೆಂಟು ಎಳೆದುಕೊಂಡು, ರೈತರ ಕಣ್ಣೆದುರಿಗೇ ಪೆಟ್ಟಿಗೆ ಬಿಚ್ಚಲು ಕೂತರು. ಹಳೆಯ ಬಗೆಯ ರಿಲೇಗಳನ್ನು ಅವಳು ಮಾಲೂರಿನ ಗುಂಪಿನ ಗೋದಾಮಿನಿಂದ ಹುಡುಕಿಸಿ ತರಿಸಿದ್ದಳು. ಅಲ್ಲಿ ಅಷ್ಟು ಇವೆಯೆಂದು ನನಗೇ ಗೊತ್ತಿರಲಿಲ್ಲ. ಸರಿಮಾಡಿದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಮೂರು ಸಲ ಹಾಕಿ ಮೂರು ಸಲ ಆರಿಸಿ, ಆಮೇಲೆ ರೈತನ ಕೈಗೆ. ಕೂಗಾಡುತ್ತಿದ್ದವರು ಮೇಜಿನ ಸುತ್ತ ನಿಂತು ಆ ಕೈಗಳನ್ನು ನೋಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಮಜ್ಜಿಗೆ ತರಿಸಿದರು. ಮೊದಲು ಮಂಜುಳಳಿಗೆ ಕೊಟ್ಟರು.

"ನಂಗ್ಯಾಕೆ ಹೇಳ್ಲಿಲ್ಲ, ಮೇಜು ಇಲ್ಲಿಗೇ ತರ್ತೀನಿ ಅಂತ?" ಎಂದು ಕೇಳಿದೆ.

"ನೀವು ಫೋನ್ ಮಾಡ್ಲಿಲ್ವಲ್ಲ ಮೇಡಂ," ಎಂದಳು.

ಎಲ್ಲ ಪೆಟ್ಟಿಗೆಗಳೂ ಮುಗಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮಂಜುಳ ನನ್ನ ಮೇಜಿನಿಂದ ಆ ಕಾಗದವನ್ನು ತೆಗೆದುಕೊಂಡು ಹೋದಳು. ನಾನು ನೋಡದವಳಂತೆ ಕೂತಿದ್ದೆ. ಅವಳು ಹೋದಮೇಲೆ ಎದ್ದು, ಕುರ್ಚಿಯ ಹಿಂದಿನ ಚಾರ್ಟನ್ನು ಕಿತ್ತು ಎದುರುಗೋಡೆಗೆ ಹಾಕಿದೆ.

ಆಮೇಲೆ ನಾವು ನಲವತ್ತಕ್ಕೂ ಹೆಚ್ಚು ಜನರಾದೆವು. ನಾಲ್ಕು ಊರಿನ ಗುಂಪುಗಳೂ ತಮ್ಮ ತೀರ್ಮಾನ ತಾವು ಮಾಡುತ್ತವೆ. ಪೆಟ್ಟಿಗೆ ಮಾಡಿದವರ ಹೆಸರನ್ನು ಮುಚ್ಚಳದ ಒಳಗೆ ಬರೆಯುವ ಪದ್ಧತಿಯನ್ನು ಮಂಜುಳ ತಂದಳು. ನನಗೆ ಬುದ್ಧಿ ಪೂರ್ತಿ ಬಂತೆಂದು ಹೇಳಲಾರೆ. ಈಗಲೂ ತಿಂಗಳಿಗೊಮ್ಮೆ ಯಾರದೋ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತೇನೆ. ಅವರು ನನ್ನನ್ನು ನೋಡುತ್ತಾರೆ, ನಾನು ವಾಪಸ್ಸು ಕೊಡುತ್ತೇನೆ.

ಮೇಸ್ತ್ರಿ ಕೊನೆಯ ಸಲ ಶೆಡ್ಡಿಗೆ ಬಂದಾಗ ಬಹಳ ಇಳಿದುಹೋಗಿದ್ದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ತಮ್ಮ ಅರ್ಧ ಎಕರೆಗೆ ಒಂದು ಸ್ಟಾರ್ಟರ್ ಬೇಕೆಂದರು. ತಂದುಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ಮೊದಲ ದಿನ ಕೇಳಿದ್ದನ್ನೇ ಕೇಳಿದರು.

"ಇದನ್ನ ಮಾಡಿದ್ದು ಯಾರು?"

ನನಗೆ ಗೊತ್ತಿರಲಿಲ್ಲ. ಒಂದು ಕಾಲದಲ್ಲಿ ಒಂದೊಂದು ತಿರುಪನ್ನೂ ಯಾರು ಹಾಕಿದರೆಂದು ಹೇಳುತ್ತಿದ್ದವಳು ನಾನು. ನಾಚಿಕೆಯಾಯಿತು. "ಗೊತ್ತಿಲ್ಲ ಮೇಸ್ತ್ರಿ. ಮಂಜುಳಂಗೆ ಗೊತ್ತಿರುತ್ತೆ," ಎಂದೆ.

ಅವರ ಹೆಬ್ಬೆರಳು ಕೆನ್ನೆಯ ಮೇಲೆ ನಿಂತಿತು. "ನಿಂಗ್ ಗೊತ್ತಿಲ್ವಾ?"

"ಇಲ್ಲ."

"ಹಂಗಾದ್ರೆ ಬೆಳೀತು ಬಿಡು ನಿನ್ ಕಂಪನಿ," ಎಂದರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಅಷ್ಟು ನಕ್ಕದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಆಮೇಲೆ ಮುಚ್ಚಳ ತೆಗೆದು, ಒಳಗಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಬೆಸುಗೆಯ ಮೇಜುಗಳ ನಡುವೆ ಆ ಹುಡುಗಿಯನ್ನು ಹುಡುಕಿಕೊಂಡು ಹೋದರು.

ಮಾವು ಹೂ ಬಿಟ್ಟ ಕಾಲದಲ್ಲಿ ಅವರು ತೀರಿಕೊಂಡರು. ಶ್ರೀಧರ ಬೆಳಿಗ್ಗೆ ಫೋನು ಮಾಡಿದ. ನಾನು ಹೋಗುವಷ್ಟರಲ್ಲಿ ಅವರ ಅರ್ಧ ಎಕರೆಯ ಬದುವಿನಲ್ಲಿ ಗುಂಡಿ ತೋಡುತ್ತಿದ್ದರು. ನಾನು ನಾನೇ ತಾನೆ, ಇಳಿದ ತಕ್ಷಣ ವ್ಯವಸ್ಥೆಗೆ ನಿಂತೆ. ಶಾಮಿಯಾನಕ್ಕೆ ಯಾರಿಗೆ ಹೇಳಿದಿರಿ, ನೀರಿನ ಕ್ಯಾನು ಬಂತಾ, ಅವರ ಅಕ್ಕನನ್ನು ಕರೆತರಲು ಕಾರು ಕಳಿಸಲಾ? ಅವರ ಗುಂಪಿನ ಹನ್ನೊಂದು ಜನರೂ ನನ್ನನ್ನು ನೋಡಿದರು. ಎಲ್ಲ ಆಗಿತ್ತು. ಯಾರೂ ಯಾರಿಗೂ ಹೇಳದೆ, ಅವರವರ ಕೆಲಸ ಅವರವರು ಹಿಡಿದು ಮುಗಿಸಿದ್ದರು.

ನೆತ್ತಿಯ ಮೇಲೆ ಬಿಸಿಲು. ಮಣ್ಣಿಗಿಡುವ ಹೊತ್ತಿಗೆ ಮೇಸ್ತ್ರಿಯ ಮುಖಕ್ಕೆ ಬಿಸಿಲು ಬೀಳಬಾರದೆಂದು ಗೋಣಿತಾಟು ತಂದರು, ಮರದ ಕೆಳಗೆ ಹಿಡಿಯುತ್ತಿದ್ದ ಅದೇ ತಾಟು. ಮೂರು ಜನ ಮೂರು ಮೂಲೆ ಹಿಡಿದು ಎತ್ತಿದರು. ನಾಲ್ಕನೆಯದು ನೇತಾಡುತ್ತಿತ್ತು. ಅವತ್ತು ತೋಪಿನಲ್ಲಿ ತಪ್ಪು ಒಪ್ಪಿಕೊಂಡಿದ್ದ ಆ ಹಿರಿಯ ನನ್ನ ಕಡೆ ತಿರುಗಿ, "ಅಮ್ಮಣ್ಣಿ, ಈ ಮೂಲೆ ಹಿಡ್ಕೊಳ್ಳಿ," ಎಂದ.

ಹಿಡಿದುಕೊಂಡೆ. ಆ ಮೂಲೆಯ ಬಟ್ಟೆ ಹಿಡಿದು ಹಿಡಿದು ನುಣುಪಾಗಿತ್ತು, ಸೊನೆ ಕುಡಿದು ಕಪ್ಪಾಗಿತ್ತು. ಎಡಕ್ಕೆ ಎಂದ, ಎಡಕ್ಕೆ ಸರಿದೆ. ಇನ್ನೂ ಸ್ವಲ್ಪ ಮೇಲೆ ಎಂದ, ಎತ್ತಿದೆ. ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಮುಳಬಾಗಿಲೋ ಮಾಲೂರೋ, ಎರಡೂ ಕೈ ತಾಟಿನ ಮೇಲಿದ್ದವು. ಹೊಡೆದುಕೊಂಡು ಹೊಡೆದುಕೊಂಡು ತಾನಾಗಿ ನಿಂತಿತು. ಮತ್ತೆ ಬರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಕಣ್ಣೊರೆಸಿಕೊಳ್ಳಲೂ ಕೈ ಇರಲಿಲ್ಲ.

ಮಣ್ಣು ಮುಚ್ಚಿದ ಮೇಲೂ ನಾನು ಹಾಗೇ ನಿಂತಿದ್ದೆನಂತೆ. ಉಳಿದ ಮೂವರೂ ಮೂಲೆ ಇಳಿಸಿ ಕಾಯುತ್ತಿದ್ದರು.

"ಬಿಡಿ ಅಮ್ಮಣ್ಣಿ," ಎಂದ ಆ ಹಿರಿಯ, ಮೆಲ್ಲಗೆ. "ಆಯ್ತು. ನಾವು ಮಡಚ್ಕೋತೀವಿ."

ಬಿಟ್ಟೆ.